ಹೆಡ್ ಫೇಸಿಂಗ್ ಆದ್ಮೇಲೆ ಕೆಳಗಿನ ಪಿಕಪ್ ಸತ್ತಿದೆ, ಕ್ಯಾಮ್ ಎಷ್ಟು ಡಿಗ್ರಿ ಅಡ್ವಾನ್ಸ್ ಮಾಡಲಿ?

ಒಂಟಿ ಸಿಲಿಂಡರ್:

ಎಲ್ಲರಿಗೂ ನಮಸ್ಕಾರ. ಗಾಡಿ ಹಳೇ 150 ಸಿಸಿ, ಫೋರ್ ಸ್ಟ್ರೋಕ್, ಏರ್ ಕೂಲ್ಡ್. ತಲೆ ಮೇಲೆ ವಾಲ್ವ್ ತೆರೆದು ಮುಚ್ಚಿಸೋ ಕ್ಯಾಮ್ ಒಂದೇ, ಎರಡು ವಾಲ್ವ್. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು ಅಂತ ಬಿಚ್ಚಿದೆ, ನೋಡಿದ್ರೆ ಹೆಡ್ಡೇ ಸ್ವಲ್ಪ ಬಾಗಿತ್ತು. ಅರ್ಧ ಮಿಲಿಮೀಟರ್ ಫೇಸಿಂಗ್ ಮಾಡಿಸಿದೆ, ಅಂದ್ರೆ ತಳ ಕಡೆಸಿ ಮಟ್ಟ ಮಾಡಿಸಿದೆ. ವಾಲ್ವ್ ಲ್ಯಾಪಿಂಗ್ ನಾನೇ ಕೂತು ಮಾಡಿದ್ದು, ಪೋರ್ಟಿಗೆ ಪೆಟ್ರೋಲ್ ಸುರಿದು ಹತ್ತು ನಿಮಿಷ ಬಿಟ್ಟೆ, ಒಂದು ತೊಟ್ಟೂ ಸೋರಲಿಲ್ಲ. ರಿಂಗ್ ಹೊಸದು. ಕಾರ್ಬ್ಯುರೇಟರ್ ಮುಟ್ಟಿಲ್ಲ.

ಈಗ ಗಾಡಿ 4,000 ಆರ್‌ಪಿಎಂ ತನಕ ನಿದ್ದೆ ಹೊಡೆಯುತ್ತೆ. ಎರಡನೇ ಗೇರಲ್ಲಿ ಏರು ಹತ್ತಿಸಬೇಕಾದ್ರೆ ಕ್ಲಚ್ ಹಿಡಿದು ಆಟ ಆಡ್ಬೇಕು. ಆದ್ರೆ 6,500 ದಾಟಿದ ಮೇಲೆ ಮೊದಲು ಯಾವತ್ತೂ ಎಳೆಯದ ಹಾಗೆ ಎಳೆಯುತ್ತೆ. ಇದಕ್ಕಿಂತ ತಲೆ ಕೆಡಿಸಿದ್ದು ಕಂಪ್ರೆಷನ್. ಗ್ಯಾಸ್ಕೆಟ್ ಸುಡೋ ಮುಂಚೆ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದೆ, 150 ಪಿಎಸ್‌ಐ. ಹೆಡ್ ಅರ್ಧ ಮಿಲಿ ತೆಗೆದ ಮೇಲೆ ಏರಬೇಕು ತಾನೆ? ಮುಳ್ಳು ಮತ್ತೆ 150ಕ್ಕೇ ಬಂದು ನಿಂತಿದೆ. ಗೇಜ್ ಕೆಟ್ಟಿದೆ ಅಂತ ಇನ್ನೊಂದು ಗೇಜ್ ತಂದೆ, ಅದೂ ಅದನ್ನೇ ಹೇಳ್ತು.

ಟೈಮಿಂಗ್ ಮಾರ್ಕ್ ನೋಡಿದೆ. ಫ್ಲೈವೀಲ್ 'ಟಿ' ಗುರುತಿಗೆ ಸರಿಯಾಗಿ ನಿಲ್ಲಿಸಿದ್ರೆ ಕ್ಯಾಮ್ ಸ್ಪ್ರಾಕೆಟ್ಟಿನ ಗೆರೆ ಹೆಡ್ಡಿನ ಗುರುತಿಗಿಂತ ಒಂದು ಬೆಂಕಿಕಡ್ಡಿ ದಪ್ಪದಷ್ಟು ಹಿಂದೆ, ಇನ್ನೂ ಬಂದು ತಲುಪಿಲ್ಲ ಅನ್ನೋ ಹಾಗಿದೆ. ಕ್ಯಾಮನ್ನ ಅಡ್ವಾನ್ಸ್ ಮಾಡೋಕೆ, ಅಂದ್ರೆ ವಾಲ್ವ್ ಬೇಗ ತೆರೆದು ಬೇಗ ಮುಚ್ಚೋ ಹಾಗೆ ಮುಂದೆ ತರೋಕೆ, ಚೈನಲ್ಲಿ ಒಂದು ಹಲ್ಲು ಮುಂದೆ ಹಾಕ್ಲಾ, ಅಥವಾ ಸ್ಪ್ರಾಕೆಟ್ ತೂತು ಅರದಲ್ಲಿ ಉಜ್ಜಿ ಅಗಲ ಮಾಡ್ಲಾ? ಮಾಡೋದಾದ್ರೆ ಎಷ್ಟು ಡಿಗ್ರಿ?

ರೆಡ್‌ಲೈನ್:

ಬ್ರೋ ಇದಕ್ಕೆಲ್ಲಾ ಇಷ್ಟು ಯೋಚನೆ ಯಾಕೆ, ಒಂದು ಹಲ್ಲು ಮುಂದೆ ಹಾಕಿ ಬಿಡು. ನನ್ ಫ್ರೆಂಡ್ ಗಾಡಿಗೆ ಹಾಗೇ ಮಾಡಿದ್ದು, ಪಿಕಪ್ ಬೆಂಕಿ.

ಹಳೇ ಸ್ಪ್ಯಾನರ್:

ಒಂಟಿ ಸಿಲಿಂಡರ್ ಅವರೇ, ಕೈ ಮುಗೀತೀನಿ, ಅಳೆಯದೆ ಹಲ್ಲು ಹಾರಿಸೋಕೆ ಹೋಗ್ಬೇಡಿ.

ಕ್ಯಾಮ್ ಸ್ಪ್ರಾಕೆಟ್ ಹಲ್ಲು ಎಣಿಸಿ. ಈ ಗಾತ್ರದ ಇಂಜಿನ್ನಲ್ಲಿ 34 ಇರಬಹುದು ಅಂತ ಇಟ್ಕೊಂಡು ಲೆಕ್ಕ ಹೇಳ್ತೀನಿ. 360ನ್ನ 34ರಲ್ಲಿ ಭಾಗಿಸಿದ್ರೆ ಒಂದು ಹಲ್ಲಿಗೆ ಕ್ಯಾಮ್ 10.6 ಡಿಗ್ರಿ. ಕ್ಯಾಮ್ ಒಂದು ಸುತ್ತು ಮುಗಿಸೋ ಹೊತ್ತಿಗೆ ಕ್ರ್ಯಾಂಕ್ ಎರಡು ಸುತ್ತು ಬಂದಿರುತ್ತೆ, ಅಲ್ಲಿಗೆ ಕ್ರ್ಯಾಂಕ್ ಲೆಕ್ಕದಲ್ಲಿ 21 ಡಿಗ್ರಿ. ನಾವು ಟ್ಯೂನಿಂಗ್ ಅಂತ ಕರೆಯೋದು 2 ಡಿಗ್ರಿ, 4 ಡಿಗ್ರಿ, ತೀರಾ ಧೈರ್ಯ ಬಂದ ದಿನ 6. ಇಪ್ಪತ್ತೊಂದು ಅನ್ನೋದು ಟ್ಯೂನಿಂಗ್ ಅಲ್ಲ, ಅಪಘಾತ.

ನಾನೂ ಹಾರಿಸಿದವನೇ. ಕೆಲಸ ಕಲಿಯೋ ಕಾಲ, ಹೇಳೋರ ಮಾತು ಕಿವಿಗೆ ಹೋಗದ ವಯಸ್ಸು. ಎರಡು ಕಿಕ್ ಹೊಡೆದೆ, ಮೂರನೇದಕ್ಕೆ ಒಳಗಡೆ ಸಣ್ಣಗೆ ಟಿಕ್ ಅಂತು. ಅಷ್ಟೇ, ದೊಡ್ಡ ಸದ್ದೇನೂ ಬರಲಿಲ್ಲ. ಬಿಚ್ಚಿ ನೋಡಿದ್ರೆ ಪಿಸ್ಟನ್ ನೆತ್ತಿ ಮೇಲೆ ಬಿದಿಗೆ ಚಂದ್ರನ ಹಾಗೆ ಒಂದು ಗಾಯ. ಇನ್ಲೆಟ್ ವಾಲ್ವನ್ನ ಡ್ರಿಲ್ ಮಷೀನಿಗೆ ಸಿಕ್ಕಿಸಿ ತಿರುಗಿಸಿದೆ, ತಲೆ ಓಲಾಡ್ತಿತ್ತು. ಕಣ್ಣಿಗೆ ಮಾತ್ರ ಅದು ನೆಟ್ಟಗೇ ಕಾಣ್ತಿತ್ತು. ನೀವು ಬೇರೆ ಹೆಡ್ ಅರ್ಧ ಮಿಲಿ ಇಳಿಸಿದ್ದೀರಿ, ವಾಲ್ವಿಗೂ ಪಿಸ್ಟನ್ನಿಗೂ ಇದ್ದ ಸಂದು ಈಗಾಗಲೇ ಕಮ್ಮಿಯಾಗಿದೆ.

ಈಗ ನಿಮ್ಮ 150 ಪಿಎಸ್‌ಐ ಒಗಟು. ಅದರಲ್ಲೇ ಉತ್ತರ ಇದೆ, ಗೇಜ್ ಸುಳ್ಳು ಹೇಳ್ತಿಲ್ಲ. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮೇಲಕ್ಕೆ ಹೊರಟ ಕ್ಷಣದಿಂದಲೇ ಒತ್ತಡ ಶುರುವಾಗಲ್ಲ. ಇನ್ಲೆಟ್ ವಾಲ್ವ್ ಇನ್ನೂ ತೆರೆದೇ ಇರುತ್ತೆ, ಅದು ಮುಚ್ಚಿದ ಮೇಲಷ್ಟೇ ನಿಜವಾದ ಕಂಪ್ರೆಷನ್. ಹೆಡ್ ತೆಗೆದಿದ್ರಿಂದ ನಿಮ್ಮ ಕಂಪ್ರೆಷನ್ ರೇಷಿಯೋ 9 ಇದ್ದದ್ದು 9.6ರ ಹತ್ತಿರ ಬಂದಿರಬೇಕು. ಆದ್ರೆ ಕ್ಯಾಮ್ ಹಿಂದೆ ಬಿದ್ದಿರೋದ್ರಿಂದ ವಾಲ್ವ್ ತಡವಾಗಿ ಮುಚ್ಚುತ್ತೆ, ಒಳಗೆ ಬಂದದ್ದನ್ನ ಪಿಸ್ಟನ್ ವಾಪಸ್ ಕಾರ್ಬ್ಯುರೇಟರ್ ಕಡೆಗೇ ತಳ್ಳುತ್ತೆ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯ್ತು, ಮುಳ್ಳು ಇದ್ದಲ್ಲೇ ನಿಂತ್ಕೊಂಡ್ತು.

ಮೇಲಿನ ಆರ್‌ಪಿಎಂನಲ್ಲಿ ಎಳೆಯೋದಕ್ಕೂ ಇದೇ ಕಾರಣ. ವೇಗ ಏರಿದಾಗ ಇನ್‌ಟೇಕ್ ಪೈಪಿನಲ್ಲಿ ಓಡಿ ಬರೋ ಗಾಳಿಗೆ ತನ್ನದೇ ಜೋರು ಇರುತ್ತೆ. ಪಿಸ್ಟನ್ ಮೇಲೆ ಬರ್ತಿದ್ರೂ ಅದು ನುಗ್ಗುತ್ತಲೇ ಇರುತ್ತೆ, ಆಗ ಬಾಗಿಲು ತಡವಾಗಿ ಮುಚ್ಚಿದಷ್ಟೂ ಲಾಭ. 3,000ದಲ್ಲಿ ಆ ಜೋರು ಇಲ್ಲ. ಕ್ಯಾಮ್ ಅಡ್ವಾನ್ಸ್ ಮಾಡಿದ್ರೆ ಕೆಳಗಿನ ಎಳೆತ, ರಿಟಾರ್ಡ್ ಮಾಡಿದ್ರೆ (ತಡ ಮಾಡಿದ್ರೆ) ಮೇಲಿನ ಓಟ ಅನ್ನೋ ಮಾತು ಹುಟ್ಟಿದ್ದೇ ಇಲ್ಲಿಂದ. ಎಕ್ಸಾಸ್ಟ್ ಕಡೆಗೂ ಇದರ ಪಾಲಿದೆ, ಆದ್ರೆ ದೊಡ್ಡ ಪಾಲು ಇನ್ಲೆಟ್ ಮುಚ್ಚೋ ಹೊತ್ತಿನದು.

ಹಾಗಾದ್ರೆ ಕ್ಯಾಮ್ ಹಿಂದೆ ಬಿದ್ದದ್ದು ಯಾಕೆ? ಹೆಡ್ ಕೆಳಗಿಳಿದ್ರೆ ಕ್ಯಾಮಿಗೂ ಕ್ರ್ಯಾಂಕಿಗೂ ದೂರ ಕಮ್ಮಿ. ಎಳೆಯೋ ಬದಿಯ ಚೈನ್ ಅಷ್ಟು ಸಡಿಲ ಆಯ್ತು, ಆ ಸಡಿಲ ಹೋಗೋ ತನಕ ಕ್ರ್ಯಾಂಕ್ ತಿರುಗಿದ್ರೂ ಕ್ಯಾಮ್ ಕಾಯ್ತಾ ಇರುತ್ತೆ. ಚೈನ್ ಕೊಂಡಿ 6.35 ಮಿಲಿ ಪಿಚ್ ಆದ್ರೆ, 34 ಹಲ್ಲಿಗೆ ಸುತ್ತಳತೆ 216 ಮಿಲಿ. ಒಂದು ಮಿಲಿ ಸಡಿಲಕ್ಕೆ ಕ್ರ್ಯಾಂಕ್ ಲೆಕ್ಕದಲ್ಲಿ 3.3 ಡಿಗ್ರಿ, ನಿಮ್ಮ ಅರ್ಧ ಮಿಲಿಗೆ 1.7. ಬೆಂಕಿಕಡ್ಡಿ ದಪ್ಪಕ್ಕೆ ಇದು ಸಾಲಲ್ಲ, ಕಡ್ಡಿ ದಪ್ಪ ಅಂದ್ರೆ 7, 8 ಡಿಗ್ರಿ ಆದ್ರೂ ಇರಬೇಕು. ಬಾಕಿ ಎಲ್ಲಾ ಚೈನಿನ ಮೇಲೇ ನನ್ನ ಅನುಮಾನ. ಸದ್ದು ಬರ್ತಿಲ್ಲವಲ್ಲ ಅನ್ಬೇಡಿ. ಆಟೋ ಟೆನ್ಷನರ್ ಸಡಿಲ ಬದಿಯನ್ನ ಒತ್ತಿ ಸದ್ದು ಅಡಗಿಸುತ್ತೆ, ಹಿಗ್ಗಿದ ಚೈನನ್ನ ಗಿಡ್ಡ ಮಾಡೋ ವಿದ್ಯೆ ಅದಕ್ಕೆ ಗೊತ್ತಿಲ್ಲ.

ಇದೆಲ್ಲಾ ಊಹೆ. ಅರ ಹಿಡಿಯೋ ಮುಂಚೆ ಅಳೆದು ತನ್ನಿ.

ಇಪ್ಪತ್ತು ಸೆಂಟಿಮೀಟರ್ ಅಗಲದ ಪ್ಲೈವುಡ್ ಚಕ್ರಕ್ಕೆ 360 ಡಿಗ್ರಿ ಮುದ್ರಿಸಿದ ಕಾಗದ ಅಂಟಿಸಿ ಕ್ರ್ಯಾಂಕ್ ತುದಿಗೆ ಬಿಗಿಯಿರಿ. ಚಕ್ರ ದೊಡ್ಡದಾದಷ್ಟೂ ಒಂದು ಡಿಗ್ರಿ ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಮುಳ್ಳಿಗೆ ಗಟ್ಟಿ ತಂತಿ ಸಾಕು. ಟಿಡಿಸಿ, ಅಂದ್ರೆ ಪಿಸ್ಟನ್ ತೀರಾ ಮೇಲೆ ಬಂದು ನಿಲ್ಲೋ ಜಾಗ, ಹುಡುಕೋಕೆ ಫ್ಲೈವೀಲ್ ಗುರುತು ನಂಬಬೇಡಿ, ಪಿಸ್ಟನ್ ಮೇಲೆ ಕಡ್ಡಿ ಇಟ್ಟು ನೋಡೋದನ್ನಂತೂ ನಂಬಲೇಬೇಡಿ. ತುದಿಯಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದ್ರೂ ಪಿಸ್ಟನ್ ಅಲ್ಲಾಡಿದ್ದೇ ಗೊತ್ತಾಗಲ್ಲ. ಹಳೇ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು, ಒಳಗೆ ಥ್ರೆಡ್ ಹಾಕಿ ಒಂದು ಬೋಲ್ಟ್ ತೂರಿಸಿ, ತುದಿ ಗುಂಡಗೆ ಉಜ್ಜಿ. ಅದನ್ನ ಪ್ಲಗ್ ಜಾಗಕ್ಕೆ ಹಾಕಿದ್ರೆ ಪಿಸ್ಟನ್ ಮೇಲೆ ಬರ್ತಾ ಅಡ್ಡ ನಿಲ್ಲುತ್ತೆ. ಕೈಯಲ್ಲಿ ನಿಧಾನ ತಿರುಗಿಸಿ, ನಿಂತ ಜಾಗ ಬರ್ಕೊಳ್ಳಿ. ಹಿಂದಕ್ಕೆ ತಿರುಗಿಸಿ, ಆ ಕಡೆ ನಿಂತ ಜಾಗವೂ ಬರ್ಕೊಳ್ಳಿ. ಎರಡರ ನಡುಮಧ್ಯ ಟಿಡಿಸಿ.

ಸ್ಟಾಪ್ ತೆಗೆದು, ಟ್ಯಾಪೆಟ್ ಸರಿ ಮಾಡಿ, ಡಯಲ್ ಗೇಜ್ ಮೂತಿಯನ್ನ ಇನ್ಲೆಟ್ ವಾಲ್ವಿನ ಸ್ಪ್ರಿಂಗ್ ಟೋಪಿ ಮೇಲೆ ಕೂರಿಸಿ. ಗೇಜ್ ಕಡ್ಡಿ ವಾಲ್ವಿನ ಕಡ್ಡಿಗೆ ನೇರ ಇರಬೇಕು, ಓರೆ ಆದ್ರೆ ಅಳತೆ ಸುಳ್ಳು. ಟೆನ್ಷನರ್ ಹಾಕೇ ಅಳೀಬೇಕು. ಇಂಜಿನ್ ತಿರುಗೋ ದಿಕ್ಕಲ್ಲೇ ತಿರುಗಿಸಿ. ಗುರುತು ದಾಟಿ ಹೋದ್ರೆ ಒಂದು ಡಿಗ್ರಿ ಹಿಂದೆ ಬರಬೇಡಿ, ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ, ಇಲ್ಲಾಂದ್ರೆ ಚೈನ್ ಸಡಿಲ ಲೆಕ್ಕದೊಳಗೆ ಸೇರ್ಕೊಳ್ಳುತ್ತೆ. ವಾಲ್ವ್ 1 ಮಿಲಿ ಎದ್ದಾಗ ಎಷ್ಟು, ಇಳೀತಾ 1 ಮಿಲಿ ಉಳಿದಾಗ ಎಷ್ಟು, ಆಮೇಲೆ ಎಕ್ಸಾಸ್ಟಿಗೂ ಹಾಗೇ. ಕ್ಯಾಮಿನಲ್ಲಿ ಆಟೋ ಡಿಕಂಪ್ರೆಸರ್ ಇದ್ರೆ ಹೇಳಿ, ಅದು ಎಕ್ಸಾಸ್ಟ್ ವಾಲ್ವನ್ನ ಚೂರು ಎತ್ತಿ ಕಂಪ್ರೆಷನ್ ಅಳತೆಯನ್ನೇ ಕೆಡಿಸುತ್ತೆ.

ರೆಡ್‌ಲೈನ್:

ಸರ್ ಆದ್ರೆ ನನ್ ಫ್ರೆಂಡ್ ಗಾಡಿ ಓಡ್ತಾನೇ ಇದೆಯಲ್ಲ, ವಾಲ್ವ್ ಏನೂ ಬಾಗಿಲ್ಲ.

ಹಳೇ ಸ್ಪ್ಯಾನರ್:

ಓಡ್ತಿರಬಹುದು. ಅವರ ಚೈನ್ ಆಗಲೇ ಅಷ್ಟು ಹಿಗ್ಗಿತ್ತು, ಇಪ್ಪತ್ತೊಂದರಲ್ಲಿ ಅರ್ಧ ಅದೇ ನುಂಗಿದೆ ಅಂತ ಕಾಣುತ್ತೆ. ಹೊಸ ಚೈನ್ ಹಾಕಿಸೋ ದಿನ ಆ ಹಲ್ಲನ್ನ ನೆನಪಿಟ್ಟು ವಾಪಸ್ ತರೋಕೆ ಹೇಳಿ.

ಒಂಟಿ ಸಿಲಿಂಡರ್:

ಎರಡು ದಿನ ಇದೇ ಕೆಲಸ. ಡಿಕಂಪ್ರೆಸರ್ ಇಲ್ಲ. ಹಲ್ಲು 34, ನೀವು ಹೇಳಿದ್ದೇ. ಪಿಸ್ಟನ್ ಸ್ಟಾಪ್ ಒಂದು ಕಡೆ 38ಕ್ಕೆ, ಇನ್ನೊಂದು ಕಡೆ 44ಕ್ಕೆ ನಿಂತಿತು. ಅಂದ್ರೆ ನಾನು ಕಣ್ಣಳತೆಯಲ್ಲಿ ಇಟ್ಟಿದ್ದ ಟಿಡಿಸಿ 3 ಡಿಗ್ರಿ ತಪ್ಪು! ಎರಡೂ ಕಡೆ 41 ಬರೋ ಹಾಗೆ ಮುಳ್ಳು ಬಗ್ಗಿಸಿ ಮತ್ತೆ ಶುರು ಮಾಡಿದೆ.

ಇನ್ಲೆಟ್: ಟಿಡಿಸಿಗೆ 1 ಡಿಗ್ರಿ ಮುಂಚೆ ತೆರೆಯುತ್ತೆ, ಬಿಡಿಸಿ (ಪಿಸ್ಟನ್ ತೀರಾ ಕೆಳಗೆ ನಿಲ್ಲೋ ಜಾಗ) ದಾಟಿ 49ಕ್ಕೆ ಮುಚ್ಚುತ್ತೆ. ಎಕ್ಸಾಸ್ಟ್: ಬಿಡಿಸಿಗೆ 31 ಮುಂಚೆ ತೆರೆದು, ಟಿಡಿಸಿ ದಾಟಿ 19ಕ್ಕೆ ಮುಚ್ಚುತ್ತೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ 1 ಮಿಲಿಗೆ ಕೊಟ್ಟಿರೋದು ಇನ್ಲೆಟ್ 10 ಮತ್ತು 40, ಎಕ್ಸಾಸ್ಟ್ 40 ಮತ್ತು 10. ಮೂರು ಸಲ ಅಳೆದೆ, ಅರ್ಧ ಡಿಗ್ರಿ ಆಚೀಚೆ ಬಿಟ್ರೆ ಇದೇ ಬರ್ತಿದೆ.

ಹಳೇ ಸ್ಪ್ಯಾನರ್:

ಚೆನ್ನಾಗಿ ಅಳೆದಿದ್ದೀರಿ. ನಾಲ್ಕೂ ಅಂಕಿ 9 ಡಿಗ್ರಿ ತಡ, ಒಂದೂ ತಪ್ಪಿಲ್ಲ. ವಾಲ್ವ್ ಎತ್ತೋ ಕ್ಯಾಮಿನ ಉಬ್ಬು, ಅಂದ್ರೆ ಲೋಬ್, ಸವೆದಿದ್ರೆ ಹೀಗೆ ಸಮವಾಗಿ ಬರ್ತಿರಲಿಲ್ಲ, ಹಾಗಾಗಿ ಕ್ಯಾಮ್ ಆರೋಗ್ಯವಾಗಿದೆ, ಜಾಗ ಮಾತ್ರ ತಪ್ಪಿದೆ.

ಇನ್ನು ಮುಂದೆ ಇದನ್ನೆಲ್ಲಾ ಒಂದೇ ಅಂಕಿಯಲ್ಲಿ ಹೇಳೋಣ. 1, 180, 49 ಕೂಡಿದ್ರೆ ವಾಲ್ವ್ ತೆರೆದಿರೋದು 230 ಡಿಗ್ರಿ. ಅರ್ಧ 115, ಅದರಲ್ಲಿ ಮುಂಚೆ ತೆರೆದ 1 ಕಳೆದ್ರೆ 114. ಲೋಬಿನ ನಡು ಟಿಡಿಸಿ ಆದಮೇಲೆ 114ರಲ್ಲಿದೆ, ಇರಬೇಕಾದ್ದು 105. ಎಕ್ಸಾಸ್ಟ್ ನಡು ಟಿಡಿಸಿಗೆ 105 ಮುಂಚೆ ಇರಬೇಕಾದ್ದು 96ಕ್ಕೆ ಬಂದಿದೆ. ಎರಡರ ಸರಾಸರಿ ಆಗಲೂ 105, ಈಗಲೂ 105. ಆ ಸರಾಸರಿ ಕ್ಯಾಮ್ ಕಡೆಯುವಾಗಲೇ ಬರೆದ ಹಣೆಬರಹ. ಒಂದೇ ಕ್ಯಾಮ್ ಇರೋ ಇಂಜಿನ್ನಲ್ಲಿ ನೀವು ಏನೇ ತಿರುಗಿಸಿದ್ರೂ ಅದು ಬದಲಾಗಲ್ಲ.

ಮೊದಲು ಚೈನ್ ಹೊಸದು ಹಾಕಿ ಮತ್ತೆ ಅಳೆಯಿರಿ. ಹಿಗ್ಗಿದ ಚೈನಿಗೆ ಹೊಂದಿಸಿ ತೂತು ಉಜ್ಜಿದ್ರೆ, ಚೈನ್ ಹಿಗ್ಗೋದು ಮುಗಿಯಲ್ಲ, ನಿಮ್ಮ ಉಜ್ಜಾಟವೂ ಮುಗಿಯಲ್ಲ. ಆಮೇಲೆ 2 ಡಿಗ್ರಿ ಚಿಲ್ಲರೆ ಉಳಿದ್ರೆ ಅದು ಫೇಸಿಂಗಿಂದು. ಅದಕ್ಕೆ ಅರ ಹಿಡಿಯಿರಿ.

ಬೋಲ್ಟಿನ ತೂತು ಸ್ಪ್ರಾಕೆಟ್ ಮಧ್ಯದಿಂದ ಎಷ್ಟು ದೂರ ಇದೆ ಅಳೆಯಿರಿ. 16 ಮಿಲಿ ಇದ್ರೆ ಕ್ಯಾಮಿನ ಒಂದು ಡಿಗ್ರಿಗೆ 0.28 ಮಿಲಿ. ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ ಬೇಕಂದ್ರೆ ಅಷ್ಟು ಸಾಕು, 4ಕ್ಕೆ 0.56. ಮುಕ್ಕಾಲು ಮಿಲಿ ಮೇಲೆ ಹೋಗ್ಬೇಡಿ. ಯಾವ ಬದಿ ಅನ್ನೋದರಲ್ಲಿ ಎಡವೋರೇ ಜಾಸ್ತಿ: ಸ್ಪ್ರಾಕೆಟ್ಟನ್ನ ಚೈನ್ ಹಿಡ್ಕೊಂಡಿರುತ್ತೆ, ಮುಂದೆ ಹೋಗಬೇಕಾದ್ದು ಕ್ಯಾಮ್ ಮತ್ತು ಅದರ ಬೋಲ್ಟ್, ಹಾಗಾಗಿ ತಿರುಗೋ ದಿಕ್ಕಿನ ಮುಂಬದಿ ಉಜ್ಜಬೇಕು. ಬಿಚ್ಚಿ ಹೊರಗೆ ತಂದು ಉಜ್ಜಿ, ಇಂಜಿನ್ ಮೇಲೆ ಇಟ್ಕೊಂಡು ಅಲ್ಲ, ಕಬ್ಬಿಣದ ಪುಡಿ ಆಯಿಲ್ ಪಂಪಿಗೆ ಹೋದ್ರೆ ಬೇರೆ ಕಥೆ. ಬೋಲ್ಟಿಗೆ ಲಾಕ್‌ಟೈಟ್, ಮ್ಯಾನ್ಯುಯಲ್ ಹೇಳಿದ ಟಾರ್ಕ್. ತೂತು ಉದ್ದ ಆದ ಮೇಲೆ ಕ್ಯಾಮನ್ನ ಹಿಡಿದಿರೋದು ಆ ಬಿಗಿ ಒಂದೇ.

105ಕ್ಕೆ ತಂದು ಓಡಿಸಿ ನೋಡಿ. ಇನ್ನೂ ಕೆಳಗಿನ ಎಳೆತ ಬೇಕು ಅನ್ಸಿದ್ರೆ 103. ಅದಕ್ಕೂ ಮುಂಚೆ ಪಿಸ್ಟನ್ ಮೇಲೆ ಮಕ್ಕಳಾಡೋ ಜೇಡಿಮಣ್ಣು ಮೆತ್ತಿ, ವಾಲ್ವ್ ತಲೆಗೆ ಅಂಟದ ಹಾಗೆ ಚೂರು ಎಣ್ಣೆ ಸವರಿ, ಹೆಡ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬಿಚ್ಚಿ ಮಣ್ಣನ್ನ ಬ್ಲೇಡಲ್ಲಿ ಕುಯ್ದು ತೆಳು ಜಾಗ ಅಳೆಯಿರಿ. ಇನ್ಲೆಟ್ ಕಡೆ 2 ಮಿಲಿ, ಎಕ್ಸಾಸ್ಟ್ ಕಡೆ 2.5, ಅದಕ್ಕಿಂತ ಕಮ್ಮಿ ಇದ್ರೆ ನಾನು ಕಿಕ್ ಹೊಡೆಯಲ್ಲ. ಅಡ್ವಾನ್ಸ್ ಮಾಡಿದಾಗ ಹತ್ತಿರ ಬರೋದು ಇನ್ಲೆಟ್, ಟಿಡಿಸಿ ದಾಟಿದ ಹತ್ತು ಡಿಗ್ರಿ ಸುತ್ತಮುತ್ತ.

ಡಬಲ್ ಕ್ಯಾಮ್:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು 1.6 ಲೀಟರ್ 16 ವಾಲ್ವ್ ಕಾರ್ ಇಂಜಿನ್, ಎರಡು ಕ್ಯಾಮ್. ಅಡ್ಜಸ್ಟಬಲ್ ಪುಲ್ಲಿ ಎರಡೂ ತಂದಿದ್ದೀನಿ. ಎರಡನ್ನೂ 4 ಡಿಗ್ರಿ ಅಡ್ವಾನ್ಸ್ ಮಾಡಿದ್ರೆ ಒಂಟಿ ಸಿಲಿಂಡರ್ ಅವರಿಗೆ ಆಗೋ ಲಾಭವೇ ನನಗೂ ಆಗುತ್ತಾ?

ಹಳೇ ಸ್ಪ್ಯಾನರ್:

ಎರಡನ್ನೂ ಒಂದೇ ದಿಕ್ಕಿಗೆ ಒಂದೇ ಅಳತೆ ತಿರುಗಿಸಿದ್ರೆ ಹೌದು, ಅದೇ ಕಥೆ. ಆದ್ರೆ ಅಷ್ಟಕ್ಕೇ ಎರಡು ಪುಲ್ಲಿ ಯಾಕೆ ತಂದ್ರಿ? ನಿಮಗೆ ಸಿಕ್ಕಿರೋ ಸೌಭಾಗ್ಯ ಬೇರೆ: ಆ ಹಣೆಬರಹ ನೀವು ತಿದ್ದಬಹುದು. ಇನ್ಲೆಟ್ ನಡು 112, ಎಕ್ಸಾಸ್ಟ್ ನಡು 112 ಅಂತಿಟ್ಕೊಳ್ಳಿ. ಇನ್ಲೆಟ್ 4 ಅಡ್ವಾನ್ಸ್, ಎಕ್ಸಾಸ್ಟ್ 4 ರಿಟಾರ್ಡ್ ಮಾಡಿದ್ರೆ ಎರಡೂ 108. ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಓವರ್‌ಲ್ಯಾಪ್ 8 ಡಿಗ್ರಿ ಜಾಸ್ತಿ ಆಯ್ತು. ಎಕ್ಸಾಸ್ಟ್ ಪೈಪ್ ಒಳ್ಳೇದಿದ್ರೆ ಹೊರಗೆ ಹೋಗೋ ಹೊಗೆ ಒಳಗಿನದನ್ನೂ ಎಳ್ಕೊಂಡು ಹೋಗಿ ಹೊಸ ಗಾಳಿಗೆ ದಾರಿ ಮಾಡುತ್ತೆ. ಐಡ್ಲಿಂಗ್‌ನಲ್ಲಿ ಮಾತ್ರ ಅದೇ ಹೊಗೆ ಇನ್‌ಟೇಕ್ ಕಡೆ ನುಗ್ಗಿ ಇಂಜಿನ್ ಕುಂಟುತ್ತೆ, ವ್ಯಾಕ್ಯೂಮ್ ಬೀಳುತ್ತೆ.

ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಮೊದಲು ಎರಡೂ ಎಲ್ಲಿ ಕೂತಿವೆ ಅಳೆಯಿರಿ. ಆಮೇಲೆ ಇನ್ಲೆಟ್ ಮಾತ್ರ 2 ಡಿಗ್ರಿ ಸರಿಸಿ ಡೈನೋ (ಇಂಜಿನ್ ಶಕ್ತಿ ಅಳೆಯೋ ಯಂತ್ರ) ಮೇಲೆ ಎರಡೆರಡು ಸಲ ಎಳೆಸಿ, ಅದು ಮುಗಿದ ಮೇಲೆ ಎಕ್ಸಾಸ್ಟ್. ಪುಲ್ಲಿ ಮೇಲಿನ ಗೀಟು ಕ್ಯಾಮ್ ಡಿಗ್ರಿನೋ ಕ್ರ್ಯಾಂಕ್ ಡಿಗ್ರಿನೋ ಖಾತ್ರಿ ಮಾಡ್ಕೊಳ್ಳಿ. ತಯಾರಕರು ಎರಡೂ ಥರ ಹಾಕ್ತಾರೆ, 4 ಅಂದ್ಕೊಂಡು 8 ತಿರುಗಿಸಿದವರನ್ನ ನಾನೇ ನೋಡಿದ್ದೀನಿ. ನಿಮ್ಮಲ್ಲಿ ಓವರ್‌ಲ್ಯಾಪ್ ಜಾಸ್ತಿ ಆದಾಗ ವಾಲ್ವಿಗೆ ವಾಲ್ವೂ ತಾಗಬಹುದು, ಅದನ್ನೂ ನೋಡಿ. ಡಿಸ್ಟ್ರಿಬ್ಯೂಟರ್ ಕ್ಯಾಮ್ ತುದಿಯಲ್ಲಿದ್ರೆ ಆ ಕ್ಯಾಮ್ ಸರಿದಷ್ಟೇ ಸ್ಪಾರ್ಕೂ ಸರಿಯುತ್ತೆ, ವಾಪಸ್ ಸರಿಪಡಿಸದೆ ಅಳೆದ್ರೆ ಲಾಭ ಕ್ಯಾಮಿಂದೋ ಸ್ಪಾರ್ಕಿಂದೋ ದೇವರಿಗೇ ಗೊತ್ತು.

ಕೆಳಗೂ ಬೇಕು ಮೇಲೂ ಬೇಕು ಅನ್ನೋ ಆಸೆಗೆ ಒಂದೇ ಜಾಗದಲ್ಲಿ ಬಿಗಿದ ಪುಲ್ಲಿ ಉತ್ತರ ಕೊಡಲ್ಲ. ಅದಕ್ಕೇ 1980ರಲ್ಲಿ ಆಲ್ಫಾ ರೋಮಿಯೋದವರು ಸ್ಪೈಡರ್ ಕಾರಿನಲ್ಲಿ ಓಡ್ತಾ ಓಡ್ತಾ ಇನ್ಲೆಟ್ ಕ್ಯಾಮ್ ಸರಿಸೋ ವ್ಯವಸ್ಥೆ ತಂದಿದ್ದು. 1989ರ ಹೋಂಡಾ ವಿಟೆಕ್ ಇದಲ್ಲ, ಅದು ಕ್ಯಾಮ್ ಸರಿಸಲ್ಲ, ಆರ್‌ಪಿಎಂ ಏರಿದಾಗ ಬೇರೆ ಲೋಬಿಗೇ ಹಾರುತ್ತೆ. ಎರಡನ್ನೂ ಒಂದೇ ಅಂತ ವಾದ ಮಾಡೋರ ಜೊತೆ ನಾನು ಮಾತು ಬಿಟ್ಟಿದ್ದೀನಿ.

ಒಂಟಿ ಸಿಲಿಂಡರ್:

ವಾಪಸ್ ಬಂದೆ. ಹೊಸ ಚೈನ್ ಹಾಕಿ ಅಳೆದಾಗ ಲೋಬ್ ನಡು 107. ಒಂಬತ್ತರಲ್ಲಿ ಏಳು ಚೈನಿಂದೇ! ಹಳೇ ಚೈನ್, ಹೊಸ ಚೈನ್ ಎರಡನ್ನೂ ಒಂದೇ ಮೊಳೆಗೆ ನೇತು ಹಾಕಿದೆ. ಹಳೇದು ಮೂರು ಮಿಲಿ ಕೆಳಗೆ ಜೋತಾಡ್ತಿತ್ತು. ಹೀಗೆ ಮಡಚಿ ನೇತು ಹಾಕಿದಾಗ ಮೂರು ಅಂದ್ರೆ ಪೂರ್ತಿ ಉದ್ದಕ್ಕೆ ಆರು. 92 ಕೊಂಡಿಯ ಚೈನಿಗೆ ಅದು ನೂರಕ್ಕೆ ಒಂದು ಪಾಲು.

ದುಂಡು ಅರ ತಗೊಂಡು ತೂತು ಉಜ್ಜಿದೆ. ಮೊದಲ ಸಲ ಎಂಟು ಹತ್ತು ಎಳೆತಕ್ಕೆ ಒಂದು ಸಲ ವರ್ನಿಯರ್ ಹಿಡೀತಿದ್ದೆ, ಕೈ ನಡುಗ್ತಿತ್ತು. 105ಕ್ಕೆ ತಂದು ಬಿಗಿದೆ. ಕಂಪ್ರೆಷನ್ 165. ಎರಡನೇ ಗೇರಿನ ಏರು ಈಗ ಕ್ಲಚ್ ಮುಟ್ಟದೆ ಹತ್ತುತ್ತೆ, ಮೇಲಿನ ಓಟ ಮೊದಲಿನ ಹಾಗೆ ಆಯ್ತು, ಆ ಹುಚ್ಚು ಎಳೆತ ಹೋಯ್ತು. ಅದಕ್ಕೆ ಸ್ವಲ್ಪ ಬೇಜಾರಿದೆ.

ಆಸೆ ಬಿಡಲಿಲ್ಲ, 103ಕ್ಕೂ ತಂದು ನೋಡಿದೆ. ಮಣ್ಣಿನ ಪರೀಕ್ಷೆಯಲ್ಲಿ ಇನ್ಲೆಟ್ 2.3, ಎಕ್ಸಾಸ್ಟ್ 3 ಬಂತು, ಧೈರ್ಯವಾಗಿ ಕಿಕ್ ಹೊಡೆದೆ. ಕಂಪ್ರೆಷನ್ 168. ಕೆಳಗೆ ಇನ್ನೂ ಚುರುಕು, ಆದ್ರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಾಲ್ಕನೇ ಗೇರಲ್ಲಿ ಥ್ರಾಟಲ್ ಪೂರ್ತಿ ತಿರುವಿದ್ರೆ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಸದ್ದು. ಹೆಡ್ ಬೇರೆ ಇಳಿಸಿದ್ದೀನಲ್ಲ. ಮಾರನೇ ದಿನವೇ 105ಕ್ಕೆ ವಾಪಸ್.

ಹಳೇ ಸ್ಪ್ಯಾನರ್:

ಸರಿಯಾಗಿ ಮಾಡಿದ್ರಿ. ಆ ಕಡಲೆ ಸದ್ದು ಕೇಳಿಸ್ಕೊಂಡು ಓಡಿಸಿದ್ರೆ ಪಿಸ್ಟನ್ ನೆತ್ತಿಗೆ ತೂತು. ಐನೂರು ಕಿಲೋಮೀಟರ್ ಆದ್ಮೇಲೆ ಒಂದ್ಸಲ ಕವರ್ ತೆಗೆದು ಸ್ಪ್ರಾಕೆಟ್ ಬೋಲ್ಟ್ ನೋಡಿ, ಜರುಗದೆ ಅಲ್ಲೇ ಇದೆಯಾ ಅಂತ.

ರೆಡ್‌ಲೈನ್:

ಫ್ರೆಂಡ್‌ಗೆ ಈ ಲಿಂಕ್ ಕಳಿಸಿದೆ. ಅವನು ಹೋದ ತಿಂಗಳೇ ಚೈನ್ ಹೊಸದು ಹಾಕ್ಸಿದ್ನಂತೆ. ಆವತ್ತಿಂದ ಗಾಡಿ ಸ್ಟಾರ್ಟ್ ಆಗ್ತಿಲ್ವಂತೆ.